ಹೊಸನಗರದಲ್ಲಿ ಶಿಬಿರ, ಒಂದೇ ದಿನ ಬಿಡುವು: ಎಲ್ಲಿಗೆ ಹೋಗಲಿ?

ಕೇಳಿದವರು: ನಮ್ಮ ಚರ್ಚಿನ ಹನ್ನೊಂದು ಜನ ಹೊಸನಗರದ ಹತ್ತಿರ ಕಣ್ಣು ತಪಾಸಣೆ ಶಿಬಿರಕ್ಕೆ ಬಂದಿದ್ದೀವಿ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಬಿಡುವು, ಸೋಮವಾರ ಬೆಳಿಗ್ಗೆ ಮತ್ತೆ ಕೆಲಸ. ಅರ್ಧ ಜನಕ್ಕೆ ಜೋಗ ನೋಡಬೇಕು, ಅರ್ಧ ಜನಕ್ಕೆ ಹಳೇ ಊರು. ಹೋಗಿಬಂದವರು ಹೇಳಿ.

ಹೊಸನಗರದವರು: ನಗರಕ್ಕೆ ಹೋಗಿ. ಊರ ಹೆಸರೇ ನಗರ, ಇಲ್ಲಿಂದ ಸುಮಾರು 17 ಕಿ.ಮೀ. ಈಗ ಸಣ್ಣ ಊರು, ಆದರೆ ಆಗ ಬಿದನೂರು ಅಂತ ಕೆಳದಿ ಅರಸರ ರಾಜಧಾನಿ. ಜಮೀನಿನ ಗುಣ ನೋಡಿ ಕಂದಾಯ ಗೊತ್ತುಮಾಡಿ 'ಶಿಸ್ತಿನ ಶಿವಪ್ಪನಾಯಕ' ಅನ್ನಿಸಿಕೊಂಡವನು ಆಳಿದ್ದು ಇಲ್ಲಿಂದಲೇ. ಮೊಗಲರು ಬೆನ್ನಟ್ಟಿದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟ ಕೆಳದಿ ರಾಣಿ ಚೆನ್ನಮ್ಮಾಜಿಯ ಊರೂ ಇದೇ. 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರ ಅಂದ, ಕೊನೆಗೆ ನಗರ ಮಾತ್ರ ಉಳಿಯಿತು.

ಕೋಟೆ ಹತ್ತುವಾಗ ಆತುರ ಬೇಡ. ಜಂಬಿಟ್ಟಿಗೆ ಕಲ್ಲಿನ ಗೋಡೆಗೆ ಮುಖ ಹತ್ತಿರ ತಂದು ನೋಡಿ. ಕಲ್ಲಿನ ತೂತು ತೂತಿನಲ್ಲೂ ಪಾಚಿ; ಕೆಂಪಿನ ಮೇಲೆ ಹಸಿರು, ಅದರ ಮೇಲೆ ಬೂದಿಬಿಳುಪಿನ ಮಚ್ಚೆ. ಮಳೆ ಹಿಂದೆ ಸರಿದ ಈ ನವೆಂಬರಿನಲ್ಲಿ ಕಾಣುವ ಬಣ್ಣ ಬೇಸಿಗೆಯಲ್ಲಿ ಸಿಗಲ್ಲ. ಒಳಗೆ ಅಕ್ಕ-ತಂಗಿ ಕೊಳ, ದರ್ಬಾರಿನ ಅಡಿಪಾಯ ಇವೆ. ಆಮೇಲೆ ದೇವಗಂಗೆಯ ಕೊಳಗಳು. ಒಂದೊಂದಕ್ಕೂ ಒಂದೊಂದು ಆಕಾರ, ನೀರು ತಣ್ಣಗೆ. ನನಗಂತೂ ಕೋಟೆಗಿಂತ ಅಲ್ಲೇ ಹೆಚ್ಚು ಹೊತ್ತು ಕೂರಬೇಕು ಅನ್ನಿಸುತ್ತೆ.

ಹಿಂದೊಮ್ಮೆ ಇಂಥದೇ ಶಿಬಿರಕ್ಕೆ ಬಂದ ನರ್ಸ್: ದಯವಿಟ್ಟು ಒಂದೇ ದಿಕ್ಕು ಹಿಡೀರಿ. ನಾವು ಜೋಗ, ಸಾಗರ, ಕೆಳದಿ ಎಲ್ಲಾ ಒಂದೇ ದಿನಕ್ಕೆ ತುರುಕಿ ರಾತ್ರಿ ಹನ್ನೊಂದಕ್ಕೆ ವಾಪಸಾದೆವು. ಮರುದಿನ ಹನಿ ಔಷಧಿ ಹಾಕುವಾಗ ನನ್ನ ಕೈ ನಡುಗಿತು. ಎದುರಿಗಿದ್ದ ಅಜ್ಜ "ಮಲಗಿಲ್ವೇನಮ್ಮ?" ಅಂತ ಕೇಳಿದ್ದು ಇವತ್ತಿಗೂ ಮರೆತಿಲ್ಲ. ನಿಮ್ಮನ್ನು ನಂಬಿ ಬರುವವರಿಗೆ ಸೋಮವಾರ ನೀವು ಪೂರ್ತಿ ಬೇಕು. ಹುಲ್ಲು ಇನ್ನೂ ಒದ್ದೆ ಇದ್ದರೆ ಇಂಬಳ (ರಕ್ತ ಹೀರುವ ಜಿಗಣೆ) ಇರುತ್ತೆ, ಉಪ್ಪಿನ ಪೊಟ್ಟಣ ಒಯ್ಯಿರಿ.

ಸಾಗರದವರು: ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ, ಕೆಳದಿ ದೇವಸ್ಥಾನದ ಗಂಡಭೇರುಂಡದ ಕೆತ್ತನೆ ಬಿಟ್ಟು ಹೋಗ್ತೀರಲ್ಲ ಅಂತ ಬೇಜಾರು. ಆದರೆ ನರ್ಸ್ ಅಕ್ಕ ಹೇಳಿದ್ದು ಸರಿ. ಅವಕ್ಕೆ ಇನ್ನೊಂದು ಸಲ ಬನ್ನಿ.

ಕೇಳಿದವರು: ನಗರಕ್ಕೇ ಹೋಗಿ ಬಂದೆವು. ಎಲ್ಲರಿಗೂ ವಂದನೆ. ವಾಪಸ್ ಬರುವ ದಾರಿಯಲ್ಲಿ ಒಂದು ಮನೆ ಅಂಗಳದ ತುಂಬ ಬೇಯಿಸಿದ ಅಡಿಕೆ ಒಣಹಾಕಿದ್ದರು, ಕಡುಗೆಂಪು. ಫೋಟೋ ತೆಗೆಯೋಕೆ ಇಳಿದೆವು. ಮೆಟ್ಟುಗತ್ತಿ ಮುಂದೆ ಅಡಿಕೆ ಸುಲಿಯುತ್ತಿದ್ದ ಅಮ್ಮ ತಲೆಯೆತ್ತಿ, "ಮೊನ್ನೆ ನನ್ನ ಕಣ್ಣು ನೋಡಿದ ಹುಡುಗಿ ನೀನೇ ಅಲ್ವಾ?" ಅಂದರು. ಕಾಫಿ, ತೊಡೆದೇವು ಕೊಡದೆ ಬಿಡಲಿಲ್ಲ. ಏಳಕ್ಕೆಲ್ಲ ಬಂದು ಮಲಗಿದೆವು.