ಪುಟ್ಟಾ, ಆ ಮೊತ್ತದಲ್ಲಿ ಏನೇನು ಸೇರಿದೆ ಅಂತ ಕೇಳಿದೆಯಾ?

ಪುಟ್ಟಾ, ನಿನ್ನ ಮೆಸೇಜು ರಾತ್ರಿಯೇ ನೋಡಿದೆ. ಆಗ ಉತ್ತರ ಕೊಡುವಷ್ಟು ತಲೆ ಓಡುತ್ತಿರಲಿಲ್ಲ. ಈಗ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು. ಈ ಫ್ಯಾಮಿಲಿ ಗ್ರೂಪಿನ ಬೇರೆಯವರು ಬೇಕಾದರೆ ವಾಯ್ಸ್ ಮೆಸೇಜಿನ ಸ್ಪೀಡ್ ಜಾಸ್ತಿ ಮಾಡಿಕೊಂಡು ಕೇಳಿ.

ನೀನು ಬರೆದದ್ದು ಇಷ್ಟು, ಅಲ್ವಾ? ನಿಮ್ಮ ಟೀಮಿನ ಆರು ಜನ ಬಿಡುವಿನಲ್ಲಿ ಕೂತು ಯಾರ ಹತ್ತಿರ ಎಷ್ಟು ಉಳಿತಾಯ ಇದೆ ಅಂತ ಒಬ್ಬೊಬ್ಬರಾಗಿ ಹೇಳಿದಿರಿ. ಹೆಚ್ಚುಕಡಿಮೆ ಒಂದೇ ವಯಸ್ಸು, ಎಲ್ಲರದ್ದೂ ನನ್ನ ಹಾಗೇ ಹಣಕಾಸಿನ ಕೆಲಸ. ನಿನ್ನದೇ ಎಲ್ಲರಿಗಿಂತ ಕಡಿಮೆ. ರಾತ್ರಿ ನಿದ್ದೆ ಬರಲಿಲ್ಲ. ಅದರ ಕೆಳಗೆ ಚಿಕ್ಕಪ್ಪ 'ಹಾಗಾದರೆ 26ನೇ ವಯಸ್ಸಿಗೆ ಎಷ್ಟಿರಬೇಕು?' ಅಂತ ಕೇಳಿದ್ದಾರೆ. ಚಿಕ್ಕಪ್ಪಾ, ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಮೊದಲು ನನ್ನದೇ ಕಥೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ನಮ್ಮಲ್ಲೂ ಇದೇ ಮಾತು ಬಂದಿತ್ತು. ನನ್ನ ಸರದಿ ಬಂದಾಗ ಬೋನಸ್ ಪತ್ರದಲ್ಲಿದ್ದ ಮೊತ್ತವನ್ನೂ ಸೇರಿಸಿ ಹೇಳಿಬಿಟ್ಟೆ. ತೆರಿಗೆ ಕಳೆದಿರಲಿಲ್ಲ. ಅದರಲ್ಲಿ ಅರ್ಧ ಕಂಪನಿಯ ಷೇರು, ಮೂರು ವರ್ಷ ಅಲ್ಲೇ ಇದ್ದರೆ ಮಾತ್ರ ಕೈಗೆ ಸಿಗುವಂಥದ್ದು. ಓದಿಗೆ ಮಾಡಿದ ಸಾಲ ಇನ್ನೂ ಬಾಕಿ ಇತ್ತು, ಅದರ ಸುದ್ದಿಯನ್ನೇ ಎತ್ತಲಿಲ್ಲ. ಸುಳ್ಳು ಹೇಳುತ್ತಿದ್ದೇನೆ ಅಂತ ಅನ್ನಿಸಲೂ ಇಲ್ಲ. ಪಕ್ಕದಲ್ಲಿದ್ದವನು ನನ್ನ ಮೊತ್ತ ಕೇಳಿ ಒಂದು ಗಳಿಗೆ ಸುಮ್ಮನಿದ್ದ, ಆಮೇಲೆ ಅದಕ್ಕಿಂತ ಚೂರು ಜಾಸ್ತಿ ಹೇಳಿದ. ಆ ಒಂದು ಗಳಿಗೆಯಲ್ಲಿ ಅವನು ಏನೇನು ಕೂಡಿಸಿಕೊಂಡನೋ ದೇವರಿಗೇ ಗೊತ್ತು.

ಮೂರು ವರ್ಷ ತುಂಬಲು ನಾಲ್ಕು ತಿಂಗಳು ಬಾಕಿ ಇದ್ದಾಗ ಆ ಕೆಲಸ ಬಿಟ್ಟೆ. ಷೇರು ಒಂದೂ ಸಿಗಲಿಲ್ಲ. ದುಡ್ಡು ಹೋಯಿತು ಅಂತ ವಾರಗಟ್ಟಲೆ ಕೊರಗಿದೆ. ಅದು ಯಾವತ್ತೂ ನನ್ನದಾಗಿರಲೇ ಇಲ್ಲ! ದಿನವಿಡೀ ಬೇರೆಯವರ ಬ್ಯಾಲೆನ್ಸ್ ಶೀಟ್, ಅಂದರೆ ಆಸ್ತಿ ಒಂದು ಕಡೆ, ಸಾಲ ಇನ್ನೊಂದು ಕಡೆ ಬರೆದ ಲೆಕ್ಕ, ಜಾಲಾಡುವ ನಾವು, ನಮ್ಮದು ಹೇಳುವಾಗ ಆಸ್ತಿಯ ಕಡೆ ಮಾತ್ರ ಓದುತ್ತೇವೆ.

ಕೈಗೆ ಸಿಕ್ಕ ಷೇರಿನ ಕಥೆಯೂ ಕೇಳು. ಅಮೆರಿಕದ ಬೇರ್ ಸ್ಟರ್ನ್ಸ್ ಬ್ಯಾಂಕ್ ಗೊತ್ತಲ್ಲ? ಅದರ ಷೇರುಗಳಲ್ಲಿ ಸುಮಾರು ಮೂರನೇ ಒಂದು ಪಾಲು ನೌಕರರ ಕೈಯಲ್ಲೇ ಇತ್ತು. 2007ರ ಆರಂಭದಲ್ಲಿ ಒಂದು ಷೇರು 170 ಡಾಲರ್ ಮುಟ್ಟಿತ್ತು. 2008ರ ಮಾರ್ಚಿನಲ್ಲಿ ಬ್ಯಾಂಕ್ ಮುಳುಗುವ ಹೊತ್ತಿಗೆ ಜೆಪಿ ಮಾರ್ಗನ್ ಅನ್ನುವ ಇನ್ನೊಂದು ಬ್ಯಾಂಕ್ ಷೇರಿಗೆ 2 ಡಾಲರ್ ಕೊಡುತ್ತೇನೆ ಅಂದಿತು, ಕೊನೆಗೆ 10ಕ್ಕೆ ಒಪ್ಪಿತು. ಅಲ್ಲಿದ್ದವರಿಗೆ ರಿಸ್ಕ್ ಅಳೆಯುವುದೇ ಕಸುಬು. ಆದರೂ ಸಂಬಳ, ಬೋನಸ್, ಉಳಿತಾಯ ಮೂರನ್ನೂ ಒಂದೇ ಬುಟ್ಟಿಯಲ್ಲಿ ಇಟ್ಟಿದ್ದರು.

ಅದಕ್ಕೇ ಹೇಳುವುದು, ನಿಮ್ಮ ಆರು ಜನರ ಮೊತ್ತ ಆರು ಬೇರೆ ಬೇರೆ ವಸ್ತುಗಳು. ಒಬ್ಬ ಅಪ್ಪ ಅಮ್ಮನ ಮನೆಯಲ್ಲೇ ಇದ್ದಾನೆ ಅಂತ ನೀನೇ ಹಿಂದೆ ಹೇಳಿದ್ದೆ. ನೀನು ಬಾಡಿಗೆ ಕಟ್ಟುತ್ತೀಯ, ಮೇಲೆ ಸಾಲವನ್ನೂ ತೀರಿಸುತ್ತಿದ್ದೀಯ. ಸಾಲದ ಅಸಲು ಕಟ್ಟುವುದೂ ಉಳಿತಾಯವೇ ಕಣೋ. ಶೇಕಡಾ 10ರ ಬಡ್ಡಿಯ ಸಾಲ ಬೇಗ ತೀರಿಸಿದರೆ, ಆ ಹಣದ ಮೇಲೆ ಶೇಕಡಾ 10 ಗ್ಯಾರಂಟಿ ಲಾಭ ಬಂದ ಹಾಗೆ. ಮಾರುಕಟ್ಟೆಯಲ್ಲಿ ಗ್ಯಾರಂಟಿಯಾಗಿ ಅಷ್ಟು ಯಾರು ಕೊಡುತ್ತಾರೆ?

ಚಿಕ್ಕಪ್ಪಾ, ಈಗ ನಿಮ್ಮ ಪ್ರಶ್ನೆ. ಆ ವಯಸ್ಸಿನವರ ಸರಾಸರಿ ಹುಡುಕಲು ಹೋಗಬೇಡಿ. ಹತ್ತು ಜನರಲ್ಲಿ ಒಂಬತ್ತು ಜನರ ಹತ್ತಿರ 5 ಇದೆ, ಒಬ್ಬನ ಹತ್ತಿರ 95 ಇದೆ ಅನ್ನಿ. ಸರಾಸರಿ 14. ಆದರೆ 14 ಇರುವವನು ಅಲ್ಲಿ ಒಬ್ಬನೂ ಇಲ್ಲ, ಒಂಬತ್ತು ಜನ ಮಾತ್ರ ನಾವು ಹಿಂದೆ ಬಿದ್ದೆವು ಅಂತ ಮುಖ ಸಣ್ಣ ಮಾಡಿಕೊಂಡು ಕೂತಿರುತ್ತಾರೆ. ಇನ್ನು ಕೈ ಖಾಲಿ ಇರುವವರು ಇಂಥ ಮಾತು ಶುರುವಾದ ಕೂಡಲೇ ಫೋನ್ ಬಂತು ಅಂತ ಎದ್ದು ಹೋಗುತ್ತಾರೆ. ಪುಟ್ಟ ಎದ್ದು ಹೋಗಲಿಲ್ಲ, ಅದು ನನಗೆ ಇಷ್ಟ ಆಯಿತು.

ಮೊತ್ತದ ಬದಲು ತಿಂಗಳ ಲೆಕ್ಕ ಹಾಕಿ. ಸಂಬಳ ನಿಂತರೆ ಎಷ್ಟು ತಿಂಗಳು ನಡೆಯುತ್ತದೆ? ಸಂಬಳ 100 ಇದ್ದು 10 ಉಳಿಸಿದರೆ ಖರ್ಚು 90. ಒಂದು ವರ್ಷದ ಖರ್ಚು ಕೂಡಿಡಲು ಒಂಬತ್ತು ವರ್ಷ ದುಡಿಯಬೇಕು. 25 ಉಳಿಸಿದರೆ ಮೂರೇ ವರ್ಷ ಸಾಕು. 50 ಉಳಿಸಿದರೆ ಒಂದು ವರ್ಷ. ಬಡ್ಡಿ ಗಿಡ್ಡಿ ಏನೂ ಸೇರಿಸಿಲ್ಲ. ಪುಟ್ಟಾ, ಜಾಸ್ತಿ ಸಂಬಳ ತಗೊಂಡು ಅದರಲ್ಲಿ ಬಹುಪಾಲು ಖರ್ಚು ಮಾಡುವವನ ಮೊತ್ತ ನಿನ್ನದಕ್ಕಿಂತ ದೊಡ್ಡದಿದ್ದರೂ, ತಿಂಗಳ ಲೆಕ್ಕದಲ್ಲಿ ನೀನೇ ಮುಂದೆ ಇರಬಹುದು.

ಹಾಗಂತ ನಿನ್ನನ್ನು ಸುಮ್ನೆ ಸಮಾಧಾನ ಮಾಡುತ್ತಿಲ್ಲ. ಚಿಕ್ಕ ವಯಸ್ಸಿನಲ್ಲಿ ಕಡಿಮೆ ಉಳಿಸುವುದು, ಸಾಲ ಇರುವುದು ಸಹಜ ಅಂತ ಅರ್ಥಶಾಸ್ತ್ರಜ್ಞ ಫ್ರಾಂಕೊ ಮೊಡಿಗ್ಲಿಯಾನಿ 1950ರ ದಶಕದಲ್ಲೇ ಹೇಳಿದರು, 1985ರಲ್ಲಿ ಅವರಿಗೆ ನೊಬೆಲ್ ಕೂಡ ಬಂತು. ಸಂಪಾದನೆ ಮುಂದೆ ಏರುತ್ತದೆ ಅನ್ನುವವರಿಗೆ ಅದು ಸರಿ. ಆದರೆ ನಮ್ಮ ಕೆಲಸದಲ್ಲಿ ಒಂದು ತಕರಾರಿದೆ. ಮಾರುಕಟ್ಟೆ ಬಿದ್ದ ವರ್ಷವೇ ಬೋನಸ್ ಇಲ್ಲ, ಕೆಲಸಕ್ಕೂ ಕತ್ತರಿ, ಷೇರಿಗೆ ಹಾಕಿದ ಉಳಿತಾಯವೂ ಕರಗಿರುತ್ತದೆ. ಎಲ್ಲಾ ಒಟ್ಟಿಗೇ. ಅದಕ್ಕೆ ಆರು ತಿಂಗಳ ಖರ್ಚು ಬೇಕೆಂದ ಕೂಡಲೇ ತೆಗೆಯುವ ಹಾಗೆ ಇರಲಿ ಅಂತ ನಾನು ಹೇಳುತ್ತೇನೆ. ನಿನಗೆ ಅಷ್ಟಿಲ್ಲ ಅಂತ ನನ್ನ ಅನುಮಾನ.

ಮೂರು ಸಂಖ್ಯೆ ಬರೆದು ಕಳಿಸು. ತಿಂಗಳ ಖರ್ಚು, ಈ ವಾರವೇ ಕೈಗೆ ಬರುವ ಹಣ, ಬಾಕಿ ಸಾಲ. ನನಗೊಬ್ಬಳಿಗೇ ಕಳಿಸು, ಇಲ್ಲಿ ಹಾಕಬೇಡ. ಹಾಕಿದರೆ ಸಂಜೆಯೊಳಗೆ ಚಿಕ್ಕಪ್ಪ ಮನೆಮಕ್ಕಳೆಲ್ಲರದ್ದೂ ಸೇರಿಸಿ ಎಕ್ಸೆಲ್ ಮಾಡಿ, ರ‍್ಯಾಂಕ್ ಕೊಟ್ಟು ಇಲ್ಲೇ ಹಾಕುತ್ತಾರೆ. ಚಿಕ್ಕಪ್ಪಾ, ನಗಬೇಡಿ, ಪರೀಕ್ಷೆಯ ಅಂಕಗಳಿಗೆ ನೀವು ಅದನ್ನೇ ಮಾಡಿದ್ದಿರಿ.