ಪಿಸಿಓಡಿ, 50 ದಿನದ ಸುತ್ತು: 21ನೇ ದಿನದ ರಿಪೋರ್ಟ್ ಕಮ್ಮಿ ಬಂದೈತಿ, ಮೊಟ್ಟೆ ಆಗೋದೇ ಇಲ್ಲ ಅಂತನಾ?

ಸಂಡೂರು_ಸೀಮೆ

ನಮಸ್ಕಾರ ರೀ ಎಲ್ಲಾರಿಗೂ. ತೋರಣಗಲ್ಲಿನಿಂದ ಬರೀತಿದ್ದೀನಿ. ವಯಸ್ಸು 28, ಎತ್ತರ 157 ಸೆಂ.ಮೀ., ತೂಕ 68 ಕೆ.ಜಿ. ಮಕ್ಕಳು ಬೇಕಂತ ಪ್ರಯತ್ನ ಶುರು ಮಾಡಿ 14 ತಿಂಗಳಾತು. ಡೇಟ್ ಆಗೋದು ಒಮ್ಮೆ 45 ದಿನಕ್ಕ, ಒಮ್ಮೆ 60 ದಿನಕ್ಕ. ಹೋದ ಸಲ 52 ದಿನಕ್ಕ ಆತು. ಸ್ಕ್ಯಾನಿಂಗ್‌ನಾಗ ಎರಡೂ ಕಡೆ ಪಿಸಿಓಡಿ ಅಂತ ಬರದಾರ, ಅಂದ್ರ ಅಂಡಾಶಯದಾಗ ನೀರುಗುಳ್ಳಿಯಂಥವು ತುಂಬ್ಯಾವ ಅಂತ. ಎಎಂಎಚ್ (ಮೊಟ್ಟೆ ಎಷ್ಟು ಉಳದಾವ ಅಂತ ತೋರಿಸೋ ರಕ್ತದ ಟೆಸ್ಟ್) 9.1. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಎರಡೂ ಸರಿ ಅದಾವ.

ಕೇಳೋದು ಏನಂದ್ರ, ಆ 52 ದಿನದ ಸುತ್ತಿನಾಗ 21ನೇ ದಿನ ಪ್ರೊಜೆಸ್ಟರಾನ್ (ಮೊಟ್ಟೆ ಒಡದ ಮ್ಯಾಲ ಏರೋ ಹಾರ್ಮೋನು) ಟೆಸ್ಟ್ ಮಾಡ್ಸಿದ್ರ 0.8 ಬಂತು. ಮೊಟ್ಟೆ ಒಡದಿಲ್ಲ ಅಂದ್ರು. ಓವುಲೇಶನ್ ಸ್ಟ್ರಿಪ್ ತಂದು ನೋಡಿದ್ರ ಸಾಲಾಗಿ ಐದು ದಿನ ಎರಡು ಗೆರೆ! ಯಾವುದನ್ನ ನಂಬೋದು? ಈ ಸಲ ಮೊಟ್ಟೆ ಬೆಳಸಾಕ ಲೆಟ್ರೋಜೋಲ್ 2.5 ಮಿ.ಗ್ರಾಂ. ಗುಳಿಗಿ ಮೂರನೇ ದಿನದಿಂದ ಐದು ದಿನ ಬರದು ಕೊಟ್ಟಾರ. ಡಬ್ಬಿಯೊಳಗಿನ ಚೀಟಿ ಓದಿದ್ರ ಸ್ತನ ಕ್ಯಾನ್ಸರ್ ಔಷಧ ಅಂತೈತಿ, ನುಂಗಾಕ ಕೈ ನಡುಗ್ತೈತಿ. 11ನೇ ದಿನದಿಂದ ದಿನ ಬಿಟ್ಟು ದಿನ ಸ್ಕ್ಯಾನಿಂಗಿಗೆ ಬಳ್ಳಾರಿಗೆ ಬರ್ರಿ ಅಂದಾರ, ಪ್ರತಿ ಸಲ ಒಂದು ದಿನ ಹೋಗೇ ಬಿಡ್ತೈತಿ. ಮನಿಯಾಗ ಹಿರೇರು "ಆ ನೀರುಗುಳ್ಳಿ ಆಪರೇಷನ್ ಮಾಡಿಸಿ ತಗಿಸ್ರಿ" ಅಂತಾರ. ಮನಿಯವರು ಸ್ಟೀಲ್ ಪ್ಲಾಂಟಿನಾಗ ಕುಲುಮಿ ಹತ್ರ ಶಿಫ್ಟ್ ಮಾಡ್ತಾರ, ಅವರ ಟೆಸ್ಟ್ ಇನ್ನೂ ಆಗಿಲ್ಲ. ತಿಳಿದೋರು ಬಿಡಿಸಿ ಹೇಳ್ರಿ.

ತುಂಗಭದ್ರಾ_ದಂಡಿ

ತಂಗಿ, ಮೊದಲು ಆ 0.8 ರಿಪೋರ್ಟ್ ಪಕ್ಕಕ್ಕ ಇಡ್ರಿ. ಅದಕ್ಕ "21ನೇ ದಿನದ ಟೆಸ್ಟ್" ಅಂತ ಹೆಸರು ಬಿದ್ದದ್ದು 28 ದಿನದ ಸುತ್ತಿನ ಲೆಕ್ಕದಿಂದ. 28ಕ್ಕ ಮುಟ್ಟಾಗೋರಿಗೆ 14ರ ಸುಮಾರಿಗೆ ಮೊಟ್ಟೆ ಬಿಡುಗಡೆ ಆಗ್ತೈತಿ, ಅಲ್ಲಿಂದ ಏಳು ದಿನಕ್ಕ ಪ್ರೊಜೆಸ್ಟರಾನ್ ತುದಿ ಮುಟ್ಟತೈತಿ, ಅದಕ್ಕ 21. ನಿಮ್ಮದು 52 ದಿನದ ಸುತ್ತು. ಆ ಸಲ ಮೊಟ್ಟೆ ಬಿಡುಗಡೆ ಆಗಿದ್ರೂ 38ನೇ ದಿನದ ಆಸುಪಾಸು ಆಗಿರ್ತಿತ್ತು. ರಕ್ತ ಕೊಡಬೇಕಾದ್ದು 45ನೇ ದಿನ. ಇಂಥ ಉದ್ದ ಸುತ್ತಿನಾಗ 21ನೇ ದಿನ ಕೊಟ್ರ ಯಾರದಾದ್ರೂ ಕಮ್ಮೀನೇ ಬರ್ತೈತಿ. ಅಂದ್ರ ಆ ರಿಪೋರ್ಟ್ ಮೊಟ್ಟೆ ಆಗಿಲ್ಲ ಅಂತಾನೂ ಹೇಳೋದಿಲ್ಲ, ಆಗೈತಿ ಅಂತಾನೂ ಹೇಳೋದಿಲ್ಲ. ಇನ್ನ ಮ್ಯಾಲ ಸ್ಕ್ಯಾನಿಂಗ್‌ನಾಗ ಮೊಟ್ಟೆ ಒಡದದ್ದು ತಿಳಿದ ಏಳನೇ ದಿನ ಮಾಡಿಸ್ರಿ. 3 ನ್ಯಾನೊಗ್ರಾಂಗಿಂತ ಹೆಚ್ಚು ಬಂದ್ರ ಅಂಡ ಬಿಡುಗಡೆ ಆಗೈತಿ ಅಂತ ಅರ್ಥ. ಆದ್ರ ಆಗ ಪ್ರೊಜೆಸ್ಟರಾನ್ ಗುಳಿಗಿನೋ ಇಂಜೆಕ್ಷನ್ನೋ ನಡದಿದ್ರ ಅದನ್ನ ಲ್ಯಾಬಿನವರಿಗೂ ಡಾಕ್ಟರಿಗೂ ಹೇಳಬೇಕು, ಲೆಕ್ಕ ತಪ್ಪಬಹುದು.

ಸ್ಟ್ರಿಪ್ಪಿನ ವಿಷಯ. ಗರ್ಭ ನೋಡೋ ಕಿಟ್‌ನಾಗ ಎರಡನೇ ಗೆರೆ ಮಬ್ಬಾಗಿ ಬಂದ್ರೂ ಲೆಕ್ಕಕ್ಕ ಐತಿ. ಓವುಲೇಶನ್ ಸ್ಟ್ರಿಪ್‌ನಾಗ ಹಂಗಲ್ಲ. ಅದು ಹುಡುಕೋ ಎಲ್‌ಎಚ್ ಹಾರ್ಮೋನು ಎಲ್ಲಾ ಹೆಂಗಸರಲ್ಲಿ ದಿನಾಲೂ ಅಷ್ಟಿಷ್ಟು ಇದ್ದೇ ಇರ್ತೈತಿ. ಟೆಸ್ಟ್ ಗೆರೆ ಪಕ್ಕದ ಕಂಟ್ರೋಲ್ ಗೆರೆಯಷ್ಟೇ ಗಾಢ, ಇಲ್ಲಾ ಅದಕ್ಕಿಂತ ಗಾಢ ಬಂದ್ರ ಮಾತ್ರ ಪಾಸಿಟಿವ್. ಪಿಸಿಓಡಿ ಇದ್ದೋರಲ್ಲಿ ಎಲ್‌ಎಚ್ ಮೊದಲೇ ಏರಿಕೊಂಡು ಕುಂತಿರ್ತೈತಿ, ಮೊಟ್ಟೆ ಬೆಳಿಯಾಕ ಹತ್ತಿ ಅರ್ಧಕ್ಕ ನಿಂತಾಗೂ ಏರಿ ಇಳೀತೈತಿ. ಅದಕ್ಕ ಸಾಲಾಗಿ ನಾಕೈದು ದಿನ ಎರಡು ಗೆರೆ ಕಾಣೋದು. ಸ್ಕ್ಯಾನಿಂಗ್ ನಡದಿರೋ ತಿಂಗಳು ಸ್ಟ್ರಿಪ್ಪಿಗೆ ದುಡ್ಡು ಹಾಕೋದು ದಂಡ.

ನೀರುಗುಳ್ಳಿ ಅಂತಾರಲ್ಲ, ಅವು ಗುಳ್ಳಿ ಅಲ್ಲ, ಗಡ್ಡಿನೂ ಅಲ್ಲ. 2ರಿಂದ 9 ಮಿ.ಮೀ. ತನಕ ಬೆಳದು ಮುಂದ ಹೋಗಲಾರದ ನಿಂತ ಫಾಲಿಕಲ್‌ಗಳು, ಪ್ರತಿಯೊಂದರೊಳಗೂ ಒಂದು ಮೊಟ್ಟೆ ಐತಿ. ಎಎಂಎಚ್ 9.1 ಅಂದದ್ದೂ ಅದನ್ನೇ ಹೇಳ್ತೈತಿ: ಮೊಟ್ಟೆ ಕಮ್ಮಿ ಇಲ್ಲ, ಒಂದು ಬಲಿತು ಮುಂದ ಬರೋದು ಆಗವಲ್ದು. ಅವನ್ನ ತಗಿಸೋ ಆಪರೇಷನ್ ಅನ್ನೋದು ಇಲ್ಲ. ಲ್ಯಾಪ್ರೊಸ್ಕೋಪಿಯಿಂದ ಅಂಡಾಶಯಕ್ಕ ನಾಕೈದು ಕಡೆ ಸುಟ್ಟು ಚುಚ್ಚೋ ಡ್ರಿಲ್ಲಿಂಗ್ ಒಂದೈತಿ, ಅದು ಗುಳಿಗಿಗೆ ಮೊಟ್ಟೆ ಬಲೀಲಿಲ್ಲ ಅಂದಾಗ ನೋಡೋ ಮಾತು. ಮೊದಲೇ ಮಾಡಿಸಿದ್ರ ಒಳ್ಳೆ ಮೊಟ್ಟೆನೂ ಹಾಳಾಗ್ತಾವ, ಒಳಗ ಅಂಟಿಕೊಳ್ಳೋ ಭಯಾನೂ ಐತಿ. ಹಿರೇರಿಗೆ ಸಮಾಧಾನದಿಂದ ಇಷ್ಟು ಹೇಳ್ರಿ.

ಇನ್ನ ಬಳ್ಳಾರಿ ಓಡಾಟ. ಇಲ್ಲಿ ಒಂದು ಲೆಕ್ಕ ಕೈಯಾಗ ಇದ್ರ ಎರಡು ಟ್ರಿಪ್ ಉಳೀತಾವ. ದೊಡ್ಡದಾಗಿ ಮುಂದ ಬಂದ ಫಾಲಿಕಲ್ ದಿನಕ್ಕ ಹೆಚ್ಚು ಕಮ್ಮಿ 1.5ರಿಂದ 2 ಮಿ.ಮೀ. ಬೆಳೀತೈತಿ. ಸ್ಕ್ಯಾನಿಂಗ್ ಮುಗಿದ ಕೂಡಲೇ "ಎಷ್ಟು ಮಿ.ಮೀ. ಐತ್ರಿ, ಲೈನಿಂಗ್ (ಗರ್ಭದ ಒಳಪದರು) ಎಷ್ಟೈತಿ" ಅಂತ ಕೇಳಿ ಬರಕೊಳ್ರಿ. 11ನೇ ದಿನ 12 ಮಿ.ಮೀ. ಇತ್ತಂದ್ರ 13ನೇ ದಿನ ಹೋಗಿ ಏನೂ ಆಗಬೇಕಾದ್ದಿಲ್ಲ, 14ನೇ ದಿನ ಬರ್ಲಾ ಅಂತ ಡಾಕ್ಟರನ್ನ ಕೇಳ್ರಿ. 16 ಮಿ.ಮೀ. ಇದ್ರ ಮಾತ್ರ ಮರುದಿನ ಇಲ್ಲಾ ಅದರ ಮರುದಿನ ತಪ್ಪಿಸಬಾರದು. 18–20 ಮಿ.ಮೀ. ಆದಾಗ, ಗರ್ಭದ ಒಳಪದರು 7–8 ಮಿ.ಮೀ. ದಾಟಿದಾಗ ಮೊಟ್ಟೆ ಒಡಸೋ ಎಚ್‌ಸಿಜಿ ಇಂಜೆಕ್ಷನ್ ಕೊಡ್ತಾರ. ಅದಾಗಿ 36ರಿಂದ 40 ತಾಸಿಗೆ ಮೊಟ್ಟೆ ಬಿಡುಗಡೆ. ಸೋಮವಾರ ರಾತ್ರಿ 9ಕ್ಕ ಹಾಕಿಸಿಕೊಂಡ್ರ ಬುಧವಾರ ಮುಂಜಾನಿ 9ರಿಂದ ಮಧ್ಯಾಹ್ನ 1ರೊಳಗ. ಮೊಟ್ಟೆ ಬದುಕೋದು ಹೆಚ್ಚಂದ್ರ ಒಂದು ದಿನ, ವೀರ್ಯಾಣು ಐದು ದಿನದ ತನಕ ಬದುಕ್ತಾವ. ಹಂಗಾಗಿ ಮೊಟ್ಟೆ ಬರೋಕಿಂತ ಮೊದಲೇ ವೀರ್ಯಾಣು ಕಾಯ್ತಾ ಇರಬೇಕು. ಸೋಮವಾರ, ಮಂಗಳವಾರ ರಾತ್ರಿ ಸೇರೋದು ಮುಖ್ಯ. ಬುಧವಾರ ರಾತ್ರಿ ಒಂದೇ ಅಂತ ಇಟ್ಕೊಂಡ್ರ ತಡ ಆಗ್ತೈತಿ. ಮನಿಯವರದು ನೈಟ್ ಶಿಫ್ಟ್ ಬೀಳೋ ವಾರ ಆದ್ರ ಮೊದಲೇ ಬದಲಿ ಮಾಡಿಸಿಕೊಳ್ಳಾಕ ಹೇಳ್ರಿ.

14ನೇ ದಿನಕ್ಕೂ ಯಾವುದೂ 10 ಮಿ.ಮೀ. ದಾಟಿಲ್ಲ ಅಂದ್ರ ಮನಸು ಸಣ್ಣದು ಮಾಡ್ಕೋಬ್ಯಾಡ್ರಿ. ಮತ್ತ 40 ದಿನ ಮುಟ್ಟಿಗೆ ಕಾಯೋ ಬದಲು ಅದೇ ಸುತ್ತಿನಾಗ ಲೆಟ್ರೋಜೋಲ್ 5 ಮಿ.ಗ್ರಾಂ. ಶುರು ಮಾಡೋ ಪದ್ಧತಿ ಐತಿ. "ಈಗಲೇ ಡೋಸ್ ಏರಿಸಬಹುದಾ" ಅಂತ ಕೇಳಾಕ ಹಿಂಜರೀಬ್ಯಾಡ್ರಿ.

ಔಷಧಿ_ಪೆಟ್ಟಿಗೆ

ಲೆಟ್ರೋಜೋಲ್ ಚೀಟಿ ಓದಿ ಹೆದರುವವರು ಬಹಳ ಜನ ಇದ್ದಾರೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಈ ಗುಳಿಗೆ ದೇಹದಲ್ಲಿ ಈಸ್ಟ್ರೋಜೆನ್ ತಯಾರಾಗುವುದನ್ನು ತಡೆಯುತ್ತದೆ. ಸ್ತನ ಕ್ಯಾನ್ಸರ್‌ನಲ್ಲಿ ಅದನ್ನು ವರ್ಷಗಟ್ಟಲೆ ಕೊಡುವುದು ಇದೇ ಕಾರಣಕ್ಕೆ. ಇಲ್ಲಿ ಕೊಡುವುದು ಐದೇ ದಿನ. ಆ ಐದು ದಿನ ಈಸ್ಟ್ರೋಜೆನ್ ಇಳಿದಾಗ ಮೆದುಳು "ಕಡಿಮೆ ಬಿತ್ತು" ಎಂದುಕೊಂಡು ಎಫ್‌ಎಸ್‌ಎಚ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ, ಅದರ ಬಲದಿಂದ ಫಾಲಿಕಲ್ ಬೆಳೆಯುತ್ತದೆ. ಸುಮಾರು ಎರಡು ದಿನಕ್ಕೊಮ್ಮೆ ರಕ್ತದಲ್ಲಿ ಔಷಧ ಅರ್ಧದಷ್ಟು ಕರಗುತ್ತದೆ. ಹಾಗಾಗಿ ಗರ್ಭ ಕಟ್ಟುವ ಹೊತ್ತಿಗೆ ದೇಹದಲ್ಲಿ ಹೆಚ್ಚುಕಮ್ಮಿ ಏನೂ ಉಳಿದಿರುವುದಿಲ್ಲ. ಭಾರತದಲ್ಲಿ 2011ರಲ್ಲಿ ಬಂಜೆತನದ ಚಿಕಿತ್ಸೆಗೆ ಇದನ್ನು ಬಳಸುವುದನ್ನು ನಿಷೇಧಿಸಿದ್ದರು, 2017ರಲ್ಲಿ ಆ ನಿಷೇಧ ತೆಗೆದರು. ಹಳೆಯ ಸುದ್ದಿ ಈಗಲೂ ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಅಮೆರಿಕದಲ್ಲಿ ಪಿಸಿಓಎಸ್ (ಪಿಸಿಓಡಿಗೆ ಇನ್ನೊಂದು ಹೆಸರು) ಇದ್ದ 750 ಮಹಿಳೆಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐದು ಸುತ್ತಿನ ತನಕ ಚಿಕಿತ್ಸೆ ಪಡೆದವರಲ್ಲಿ ಲೆಟ್ರೋಜೋಲ್ ಗುಂಪಿನ 27.5% ಜನರಿಗೆ ಮಗುವಾಯಿತು, ಇದೇ ಕೆಲಸಕ್ಕೆ ಕೊಡುವ ಹಳೆಯ ಗುಳಿಗೆ ಕ್ಲೋಮಿಫೀನ್ ಗುಂಪಿನಲ್ಲಿ 19.1%. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಮೊದಲ ಆಯ್ಕೆಯಾಗಿ ಲೆಟ್ರೋಜೋಲನ್ನೇ ಹೇಳುತ್ತದೆ. ಕ್ಲೋಮಿಫೀನ್ ಕೆಲವರಲ್ಲಿ ಗರ್ಭದ ಒಳಪದರವನ್ನು ತೆಳ್ಳಗೆ ಮಾಡುತ್ತದೆ.

ಗುಳಿಗೆಯನ್ನು ದಿನಾ ಒಂದೇ ಹೊತ್ತಿಗೆ ನುಂಗಿ. ಸುಸ್ತು, ತಲೆನೋವು, ಮೈ ಬಿಸಿಯೇರಿದಂತೆ ಆಗುವುದು ಇರುತ್ತದೆ, ನಿಲ್ಲಿಸಿದ ಮೇಲೆ ಹೋಗುತ್ತದೆ. ದಿನದ ಲೆಕ್ಕ ತಪ್ಪುವುದು ಒಂದೇ ಕಾರಣಕ್ಕೆ: ಬರೀ ಕಲೆ ಕಂಡದ್ದನ್ನು ಮೊದಲ ದಿನ ಎಂದು ಹಿಡಿಯುತ್ತಾರೆ. ಪ್ಯಾಡ್ ಬೇಕಾಗುವಷ್ಟು ಸ್ರಾವ ಶುರುವಾದ ದಿನವೇ ಮೊದಲ ದಿನ. ಮುಟ್ಟು ತಾನಾಗಿ ಬರದಿದ್ದರೆ ಮೆಡ್ರಾಕ್ಸಿಪ್ರೊಜೆಸ್ಟರಾನ್ 10 ಮಿ.ಗ್ರಾಂ. ಐದರಿಂದ ಹತ್ತು ದಿನ ಕೊಟ್ಟು ತರಿಸುತ್ತಾರೆ. ಅದಕ್ಕೂ ಮೊದಲು, ಲೆಟ್ರೋಜೋಲ್‌ಗೂ ಮೊದಲು, ಗರ್ಭ ಇಲ್ಲ ಎಂದು ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳಲೇಬೇಕು. ಮನೆಯಲ್ಲಿ ಮಿಕ್ಕಿದ್ದ ಗುಳಿಗೆ ತೆಗೆದು ನೀವೇ ನುಂಗಬೇಡಿ.

ಎಚ್‌ಸಿಜಿ ಇಂಜೆಕ್ಷನ್ ಬಗ್ಗೆ ನಮ್ಮ ಸೀಮೆಯವರಿಗೆ ಒಂದು ಮಾತು. ಎಷ್ಟೋ ಕಂಪನಿಗಳದ್ದನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕು, ಡಬ್ಬಿ ಮೇಲೆ ಬರೆದಿರುತ್ತದೆ. ಬಳ್ಳಾರಿ, ರಾಯಚೂರಿನ ಬಿಸಿಲು ಏಪ್ರಿಲ್–ಮೇನಲ್ಲಿ 40 ದಾಟುತ್ತದೆ. ಬ್ಯಾಗಿನಲ್ಲಿಟ್ಟು ಬಸ್ಸಿನಲ್ಲಿ ತೋರಣಗಲ್ಲಿಗೆ ಒಯ್ದು ರಾತ್ರಿ ಹಾಕಿಸಿಕೊಂಡರೆ ಔಷಧದ ಬಲ ಕುಂದಿರಬಹುದು. ಐಸ್ ಪ್ಯಾಕಿನ ಮೇಲೆ ಟವೆಲ್ ಸುತ್ತಿ, ಅದರ ಮೇಲೆ ಡಬ್ಬಿ ಇಟ್ಟು ಒಯ್ಯಿರಿ. ಐಸಿಗೆ ನೇರವಾಗಿ ತಾಗಿ ಹೆಪ್ಪುಗಟ್ಟಿದರೂ ಕೆಡುತ್ತದೆ. ಮನೆಯಲ್ಲಿ ಫ್ರಿಜ್ಜಿನ ಮಧ್ಯದ ಹಲಗೆಯ ಮೇಲೆ ಇಡಿ, ಫ್ರೀಜರ್‌ನಲ್ಲಿ ಬೇಡ.

ಫೋಲಿಕ್ ಆಸಿಡ್ ಶುರು ಮಾಡಿದ್ದೀರಾ? ದಿನಕ್ಕೆ 400 ಮೈಕ್ರೋಗ್ರಾಂ, ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿಂದ. ಸಕ್ಕರೆ ಕಾಯಿಲೆ ಇದ್ದವರಿಗೆ 5 ಮಿ.ಗ್ರಾಂ. ಬರೆಯುತ್ತಾರೆ. ಸಕ್ಕರೆ ಹತೋಟಿಯ ಮೆಟ್‌ಫಾರ್ಮಿನ್ ಗುಳಿಗೆ ಬರೆದರೆ ರಾತ್ರಿ ಊಟದ ಜೊತೆ 500 ಮಿ.ಗ್ರಾಂ.ನಿಂದ ಶುರು ಮಾಡಿ ವಾರ ವಾರ ಏರಿಸುವುದು ಸರಿಯಾದ ದಾರಿ. ಒಮ್ಮೆಲೇ 1500 ಕೊಟ್ಟರೆ ಭೇದಿಯಾಗಿ ಜನ ಬಿಟ್ಟೇ ಬಿಡುತ್ತಾರೆ. ಮುಖದ ಕೂದಲಿಗೆ ಸ್ಪೈರೊನೊಲ್ಯಾಕ್ಟೋನ್, ಮೊಡವೆಗೆ ಐಸೊಟ್ರೆಟಿನಾಯಿನ್ ನಡೆಯುತ್ತಿದ್ದರೆ ಇವತ್ತೇ ಡಾಕ್ಟರಿಗೆ ಹೇಳಿ, ಗರ್ಭಕ್ಕೆ ಪ್ರಯತ್ನಿಸುವಾಗ ಇವೆರಡೂ ಕೂಡದು. ಇನೊಸಿಟಾಲ್ ಪುಡಿಯಿಂದ ಹಾನಿ ಕಡಿಮೆ, ಆದರೆ ಲಾಭಕ್ಕೆ ಗಟ್ಟಿ ಪುರಾವೆ ಇಲ್ಲ. ಕೈ ಬಿಗಿ ಇದ್ದರೆ ಮೊದಲು ಬಿಡಬೇಕಾದ ಖರ್ಚು ಅದು.

ಲ್ಯಾಬ್_ಮೇಜು

ಮನೆಯವರ ಪರೀಕ್ಷೆ ಕೊನೆಗೆ ಇಡಬೇಡಿ. ಲೆಟ್ರೋಜೋಲ್ ಶುರು ಮಾಡುವುದಕ್ಕೂ ಮೊದಲೇ ಆಗಬೇಕಾದದ್ದು ಅದು. ಎಷ್ಟು ಚೆಂದ ಮೊಟ್ಟೆ ಬಲಿತರೂ ಆ ಕಡೆ ಕೊರತೆ ಇದ್ದರೆ ಆರು ತಿಂಗಳು ಸುಮ್ಮನೆ ಕಳೆದುಹೋಗುತ್ತದೆ.

ವೀರ್ಯ ಪರೀಕ್ಷೆಗೆ 2ರಿಂದ 7 ದಿನ ಸೇರದೆ ಇರಬೇಕು. ಲ್ಯಾಬಿನವರು ಕೊಟ್ಟ ಅಗಲ ಬಾಯಿಯ ಡಬ್ಬಿಯಲ್ಲೇ ಹಿಡಿಯಬೇಕು. ಸಾಬೂನು, ಎಣ್ಣೆ, ಉಗುಳು ಯಾವುದೂ ಬೇಡ, ಮಾಮೂಲಿ ನಿರೋಧ್‌ನಲ್ಲಂತೂ ಬೇಡವೇ ಬೇಡ. ಮೊದಲ ಹನಿಗಳಲ್ಲೇ ವೀರ್ಯಾಣು ಹೆಚ್ಚು ಇರುತ್ತವೆ. ಅದು ಚೆಲ್ಲಿದ್ದರೆ ನಾಚದೆ ಹೇಳಿಬಿಡಲಿ, ಇಲ್ಲವಾದರೆ ಸುಳ್ಳೇ ಕಡಿಮೆ ಎಂದು ರಿಪೋರ್ಟ್ ಬರುತ್ತದೆ. ಸ್ಯಾಂಪಲ್ ಒಂದು ತಾಸಿನೊಳಗೆ, ಅರ್ಧ ತಾಸಿನೊಳಗಾದರೆ ಇನ್ನೂ ಒಳ್ಳೆಯದು, ಮೇಜಿಗೆ ಬರಬೇಕು. ತೋರಣಗಲ್ಲಿನಿಂದ ಬಳ್ಳಾರಿಗೆ ಬೈಕಿನ ಟ್ಯಾಂಕ್ ಕವರ್‌ನಲ್ಲಿಟ್ಟು ತಂದರೆ ಬಿಸಿಲಿಗೆ ಬೆಂದೇ ಹೋಗಿರುತ್ತದೆ. ಐಸಿನಲ್ಲಿ ತಂದರೂ ಅಷ್ಟೇ. ಲ್ಯಾಬಿನಲ್ಲೇ ಕೊಡುವುದು ಉತ್ತಮ. 2021ರ ಡಬ್ಲ್ಯುಎಚ್‌ಒ ಕೈಪಿಡಿಯ ಕೆಳಗಿನ ಮಿತಿ ಹೀಗಿದೆ: ಪ್ರಮಾಣ 1.4 ಮಿ.ಲೀ., ಮಿ.ಲೀ.ಗೆ 1.6 ಕೋಟಿ ವೀರ್ಯಾಣು, ಮುಂದಕ್ಕೆ ಈಜುವವು 30%, ಸರಿಯಾದ ಆಕಾರದವು 4%. ಆ 4% ನೋಡಿ ಗಾಬರಿಯಾಗಬೇಡಿ, ಆರೋಗ್ಯವಂತರಲ್ಲೂ ಅದು ಅಷ್ಟು ಸಣ್ಣ ಅಂಕಿಯೇ.

ಕುಲುಮೆಯ ಶಾಖ ಲೆಕ್ಕಕ್ಕಿದೆ. ವೃಷಣ ಮೈ ಶಾಖಕ್ಕಿಂತ ಎರಡು-ಮೂರು ಡಿಗ್ರಿ ತಂಪಿರಬೇಕು. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಅಂದರೆ ಇವತ್ತಿನ ರಿಪೋರ್ಟ್ ಎರಡೂವರೆ ತಿಂಗಳ ಹಿಂದಿನ ಕಥೆ ಹೇಳುತ್ತದೆ. ಆಗ ಟೈಫಾಯ್ಡ್, ಡೆಂಗಿ ಜ್ವರ ಬಂದಿದ್ದರೂ ಇಳಿದಿರುತ್ತದೆ. ಒಂದು ಕಡಿಮೆ ರಿಪೋರ್ಟಿಗೆ ತೀರ್ಮಾನಕ್ಕೆ ಬರದೆ ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಮಾಡಿಸಬೇಕು. ಅಷ್ಟರಲ್ಲಿ ಗುಟ್ಕಾ, ಬೀಡಿ ಬಿಡಲಿ. ಜಿಮ್‌ನಲ್ಲಿ ಶಕ್ತಿಗೆಂದು ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಳ್ಳುತ್ತಿದ್ದರೆ ಅದನ್ನು ಬಚ್ಚಿಡುವುದು ಬೇಡ, ವೀರ್ಯಾಣು ಸೊನ್ನೆಗೆ ಇಳಿಯುವುದು ಅದರಿಂದಲೂ ಆಗುತ್ತದೆ.

ಸಂಡೂರು_ಸೀಮೆ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಮನಿಯವರಿಗೆ ಓದಿ ಹೇಳಿದೆ, ಸೋಮವಾರ ಬರ್ತೀನಿ ಅಂದಾರ. ಇನ್ನ ಎರಡೇ ಮಾತು: ತೂಕ ಇಳಿಸಿದ ಮ್ಯಾಲನೇ ಗುಳಿಗಿ ತಗೋಬೇಕಾ? ಇಂಜೆಕ್ಷನ್ ಆಗಿ ಎಷ್ಟು ದಿನಕ್ಕ ಕಿಟ್‌ನಾಗ ನೋಡಬೇಕು?

ತುಂಗಭದ್ರಾ_ದಂಡಿ

ತೂಕಕ್ಕ ಅಂತ ಚಿಕಿತ್ಸೆ ನಿಲ್ಲಿಸಬ್ಯಾಡ್ರಿ, ಎರಡೂ ಜೊತೆಗೇ ನಡೀಲಿ. 68 ಕೆ.ಜಿ.ಯಾಗ 5% ಅಂದ್ರ ಮೂರೂವರೆ ಕೆ.ಜಿ. ಅಷ್ಟು ಇಳಿದ್ರೂ ಎಷ್ಟೋ ಜನಕ್ಕ ಮುಟ್ಟು ಸರಿ ಆಗಾಕ ಹತ್ತತೈತಿ. ಜೋಳದ ರೊಟ್ಟಿ ಎಷ್ಟು ತಿಂದ್ರೂ ನಡೀತೈತಿ ಅನ್ನೋದು ತಪ್ಪು, ಅದೂ ಪಿಷ್ಟಾನೇ. ಎರಡು ರೊಟ್ಟಿ ಇದ್ದಲ್ಲಿ ಅನ್ನ ಅರ್ಧ ಬಟ್ಟಲಕ್ಕ ಇಳಿಸ್ರಿ, ಆ ಜಾಗಕ್ಕ ಹೆಸರುಕಾಳು ಪಲ್ಯ, ಪುಂಡಿಪಲ್ಯ, ಮೊಸರು, ಮೊಟ್ಟೆ ಬರಲಿ. ಸಂಜಿ ಒಗ್ಗರಣಿ-ಮಿರ್ಚಿ, ಅದರ ಮ್ಯಾಲ ಸಕ್ಕರಿ ಚಹಾ, ಇದು ದಿನದ ಪದ್ಧತಿ ಆಗಿದ್ರ ಮೊದಲು ಅದಕ್ಕ ಕೈ ಹಚ್ಚರಿ. ನಮ್ಮ ಬಿಸಿಲಿಗೆ ರಾತ್ರಿ ಊಟ ಆದ ಮ್ಯಾಲ ಅರ್ಧ ತಾಸು ನಡಿಯೋದು ಸಲೀಸು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸಿಗೆ ನೋಡೋ ಸಕ್ಕರಿ ಟೆಸ್ಟನ್ನೂ ಈಗಲೇ ಮಾಡಿಸಿ ಇಡ್ರಿ, 140 ದಾಟಿದ್ರ ಡಾಕ್ಟರಿಗೆ ತೋರಸ್ರಿ.

ಕಿಟ್ ಗಡಿಬಿಡಿಲೆ ನೋಡಬ್ಯಾಡ್ರಿ. ಕಿಟ್ ಹುಡುಕೋದೂ ಎಚ್‌ಸಿಜಿನೇ, ನಿಮಗ ಚುಚ್ಚಿದ್ದೂ ಎಚ್‌ಸಿಜಿನೇ. ಅದು ಮೈಯಿಂದ ಪೂರ್ತಿ ಹೋಗಾಕ 10ರಿಂದ 14 ದಿನ ಹಿಡೀತೈತಿ. ಎಂಟನೇ ದಿನ ಎರಡು ಗೆರೆ ಬಂತಂತ ಮನಿ ಮಂದಿಗೆಲ್ಲಾ ಹೇಳಿ, ಆಮ್ಯಾಲ ಮುಟ್ಟಾಗಿ ಅಳೋದು ಬ್ಯಾಡ. ಇಂಜೆಕ್ಷನ್ ಆಗಿ 16ನೇ ದಿನ ಮುಂಜಾನಿ ಮೊದಲ ಮೂತ್ರದಾಗ ನೋಡ್ರಿ. ಮೊಟ್ಟೆ ಒಡದ ಮ್ಯಾಲ ಪ್ರೊಜೆಸ್ಟರಾನ್ ಗುಳಿಗಿ ಕೊಟ್ಟಿದ್ರ ಅದು ಮುಟ್ಟನ್ನ ತಡದು ಹಿಡೀತೈತಿ, "ಮುಟ್ಟು ಬಂದಿಲ್ಲ ಅಂದ್ರ ನಿಂತೈತಿ" ಅಂತ ತಿಳಕೋಬ್ಯಾಡ್ರಿ. ಕಿಟ್ ನೋಡದ ಗುಳಿಗಿ ನಿಲ್ಲಿಸಲೂ ಬ್ಯಾಡ್ರಿ. ಇಲ್ಲ ಅಂತ ಬಂದ್ರ ಡಾಕ್ಟರನ್ನ ಕೇಳಿ ನಿಲ್ಲಿಸ್ರಿ, ಒಂದು ವಾರದೊಳಗ ಮುಟ್ಟಾಗ್ತೈತಿ, ಅದರ ಮೂರನೇ ದಿನದಿಂದ ಮುಂದಿನ ಸುತ್ತು. ಮೂರು ಸಲ ಮೊಟ್ಟೆ ಚೆಂದ ಒಡದೂ ನಿಲ್ಲಲಿಲ್ಲ ಅಂದ್ರ ಗರ್ಭನಾಳ ತೆರದಾವೋ ಇಲ್ಲೋ ಅಂತ ಎಚ್‌ಎಸ್‌ಜಿ ಎಕ್ಸ್‌ರೇ ಕೇಳ್ರಿ. ಅದು ಮುಟ್ಟು ನಿಂತ ಮ್ಯಾಲ, 7ರಿಂದ 10ನೇ ದಿನದೊಳಗ. ಮೊದಲು ಯಾರಿಗಾದ್ರೂ ಟಿಬಿ ಆಗಿದ್ದ ಮನಿ ಆದ್ರ ಅದನ್ನ ಈಗಲೇ ಹೇಳಿಬಿಡ್ರಿ, ಎಕ್ಸ್‌ರೇ ಮುಂಚೆನೇ ಮಾಡಿಸಬೇಕಾಗ್ತೈತಿ.