‘ಮಾರಕ ಜ್ವರ’ ಬೇಡ, ಮತ್ತೇನು? (ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ)

ಎಲ್ಲರಿಗೂ ನಮಸ್ಕಾರ.

ಪರಿಚಯದ ಅರಿವಳಿಕೆ (ಅನಸ್ತೇಶಿಯಾ) ವೈದ್ಯರೊಬ್ಬರು, ಆಪರೇಷನ್‌ಗೆ ಮತ್ತು ಕೊಟ್ಟಾಗ ಕೆಲವರಿಗೆ ಬರುವ ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಎಂಬ ಅಪಾಯದ ಬಗ್ಗೆ ರೋಗಿಯ ಮನೆಯವರಿಗೆ ಕೊಡುವ ಒಂದು ಹಾಳೆಯನ್ನು ಕನ್ನಡ ಮಾಡಿಕೊಡಿ ಅಂದರು. ತಲೆಬರಹದಲ್ಲೇ ಸಿಕ್ಕಿಬಿದ್ದಿದ್ದೇನೆ. ‘ಮಾರಕ ಜ್ವರ’ ಎಂದು ಬರೆದು ತೀರ್ಥಹಳ್ಳಿಯ ಚಿಕ್ಕಮ್ಮನಿಗೆ ಓದಲು ಕೊಟ್ಟೆ. “ಮಂಗನ ಕಾಯಿಲೆಯಾ? ಉಣುಗು ಕಚ್ಚಿ ಬರೋದಲ್ವ?” ಅಂದರು. ತಪ್ಪು ಅವರದಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಅದು ಗೊತ್ತಾದಾಗಿನಿಂದ ನಮ್ಮ ಕಡೆ ಜೀವ ತೆಗೆಯುವ ಜ್ವರ ಅಂದರೆ ಅದೇ. ಮ್ಯಾಲಿಗ್ನಂಟ್ ಎಂದೇ ಬಿಟ್ಟರೆ ಕ್ಯಾನ್ಸರ್ ಅಂದುಕೊಳ್ಳುತ್ತಾರೆ.

ಇದು ಜ್ವರವೇ ಅಲ್ಲ. ವಂಶದಲ್ಲಿ ಬರುವ ಒಂದು ದೋಷ ಇದ್ದವರಿಗೆ ಸೀವೋಫ್ಲುರೇನ್, ಐಸೋಫ್ಲುರೇನ್‌ನಂಥ ಮತ್ತಿನ ಅನಿಲವೋ ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲೀನ್ ಇಂಜೆಕ್ಷನ್ನೋ ಕೊಟ್ಟಾಗ ಸ್ನಾಯುವಿನೊಳಗೆ ಕ್ಯಾಲ್ಸಿಯಂ ತಡೆಯಿಲ್ಲದೆ ನುಗ್ಗಿ, ಸ್ನಾಯು ಸೆಟೆದು ಕಾಯತೊಡಗುತ್ತದೆ. ಹೆಸರಿನಲ್ಲಿ ತಾಪ ಇದ್ದರೂ ಮೈ ಬಿಸಿಯಾಗುವುದು ಎಷ್ಟೋ ಸಲ ತಡವಾಗಿ. ಅದಕ್ಕೂ ಮೊದಲು ಹೊರಬಿಡುವ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ, ಎದೆಬಡಿತ ಹೆಚ್ಚುತ್ತದೆ, ದವಡೆ ಕಚ್ಚಿಕೊಳ್ಳಬಹುದು. ಥರ್ಮಾಮೀಟರ್ ನೋಡುತ್ತ ಕೂತರೆ ಕೆಟ್ಟಿತು. ಪ್ಯಾರಾಸಿಟಮಾಲ್‌ಗೆ ಬಗ್ಗುವ ಕಾವೂ ಅಲ್ಲ. ಅನಿಲ ನಿಲ್ಲಿಸಿ, ಪೂರ್ತಿ ಆಮ್ಲಜನಕ ಕೊಟ್ಟು, ಕೆ.ಜಿ.ಗೆ 2.5 ಮಿ.ಗ್ರಾಂ ಲೆಕ್ಕದಲ್ಲಿ ಇದಕ್ಕಿರುವ ಮದ್ದು ಡಾಂಟ್ರೊಲೀನ್ ನರಕ್ಕೆ ಕೊಡಬೇಕು, ಮೈ ತಣ್ಣಗೆ ಮಾಡಬೇಕು. ಹಳೆಯ ಬಗೆಯ ಸೀಸೆಯಲ್ಲಿ ಇರುವುದು 20 ಮಿ.ಗ್ರಾಂ ಪುಡಿ, ಒಂದೊಂದಕ್ಕೂ 60 ಮಿ.ಲೀ. ನೀರು. 60 ಕೆ.ಜಿ. ಆಳಿಗೆ ಎಂಟು ಸೀಸೆ ಒಡೆಯಬೇಕು. ಕರಗಿಸುವುದಕ್ಕೇ ಜನ ಬೇಕು.

ಸ್ನಾಯು ಸೆಟೆದು ಕಾಯುವುದರಿಂದ ಇದನ್ನು ‘ಸೆಟೆಗಾವು’ ಅನ್ನೋಣವೆ? ಸೆಟೆ, ಕಾವು ಸೇರಿ, ಸುಡುಗಾಡಿನ ಹಾಗೆ. (ಹೋಲಿಕೆ ಅಪಶಕುನವಾಯಿತು, ಕ್ಷಮಿಸಿ.) ‘ಸ್ನಾಯುತಾಪ’ ಅಂದರೆ ಮೈಕೈ ನೋವಿನ ಹಾಗೆ ಕೇಳುತ್ತದೆ.

ಇನ್ನು ಅರಿವಳಿಕೆ. ಪದವೇನೋ ಚೆಂದ, ಆದರೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದಾಗ ಅರಿವು ಅಳಿಯುವುದೇ ಇಲ್ಲವಲ್ಲ! ಬೆನ್ನಿಗೆ ಕೊಡುವ ಮದ್ದುಗಳಿಂದ ಈ ಅಪಾಯವೂ ಇಲ್ಲ. ನಮ್ಮ ಜನ “ಪೂರ್ತಿ ಮತ್ತಾ, ಬೆನ್ನಿಗಾ?” ಅಂತ ಕೇಳುತ್ತಾರೆ. ಹಾಳೆಯಲ್ಲಿ ಅದನ್ನೇ ಹಾಕುವ ಮನಸ್ಸಿದೆ.

ಹಾಳೆಯ ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ. 1960ರಲ್ಲಿ ಮೆಲ್ಬರ್ನ್‌ನಿಂದ ವರದಿಯಾದ ಯುವಕ ಕಾಲು ಮುರಿದುಕೊಂಡು ಬಂದಿದ್ದ. ಅವನಿಗೆ ಹೆದರಿಕೆ ಕಾಲಿನದಲ್ಲ, ಮತ್ತಿನದು. ಈಥರ್ ಎಂಬ ಹಳೆಯ ಮತ್ತಿನ ಮದ್ದು ಕೊಟ್ಟಾಗ ಅವನ ನೆಂಟರು ಹತ್ತು ಜನ ಸತ್ತಿದ್ದರು. ಇಲ್ಲಿಯೂ ಯಾರಾದರೂ ಹಾಗೆ ಬಾಯಿಬಿಟ್ಟು ಹೇಳುವಂತೆ ಕೇಳಬೇಕು. “ನಿಮ್ಮ ಮನೇಲಿ, ತಾಯಿ ಕಡೆ, ತಂದೆ ಕಡೆ, ಪೂರ್ತಿ ಮತ್ತು ಕೊಟ್ಟಾಗ ಯಾರಿಗಾದ್ರೂ ಮೈ ಸೆಟೆದು ಕಾದದ್ದು, ಜೀವ ಹೋದದ್ದು ಉಂಟಾ?” ಎಂದು ಬರೆದಿದ್ದೇನೆ. ಸಾಗರ, ಹೊಸನಗರದ ಕಡೆಯವರು ‘ಕಾದದ್ದು’ ಎಂಬುದನ್ನು ದಾರಿ ಕಾದದ್ದು ಅಂತ ಓದಿಕೊಳ್ಳುತ್ತಾರಾ, ದಯವಿಟ್ಟು ತಿಳಿಸಿ.